ನನ್ನ ಬುದ್ಧಿ ಓಡುವ ಹೊತ್ತು

‘ಫೆಬ್ರವರಿ 9. ನಸುಕಿನ ನಾಲ್ಕಕ್ಕೇ ಎದ್ದು ಕುಳಿತೆ, ಒಂದು ಸಾಲೂ ಹೊಳೆಯಲಿಲ್ಲ’ ಎಂದು ನನ್ನ ಹಳೆಯ ಡೈರಿಯಲ್ಲಿದೆ. ಅಂದು ಹನ್ನೊಂದಕ್ಕೆ ಔರಾದಿನ ಕಾಲೇಜು ಹುಡುಗಿಯರಿಗೆ ನಾನು ಭಾಷಣ ಮಾಡಬೇಕಿತ್ತು. ವಿಷಯ, ಓದಲು ಯಾವ ಹೊತ್ತು ಒಳ್ಳೆಯದು.

ಬೀದರಿನಲ್ಲಿ ಒಂಬತ್ತೂವರೆಯ ಬಸ್ ಹತ್ತಿ ಕುಳಿತದ್ದೇ ತಡ, ಪೆನ್ನು ಓಡತೊಡಗಿತು. ತಲೆ ಎತ್ತದೆ ಹನ್ನೆರಡು ಪುಟ ಬರೆದೆ. ಕೊನೆಗೆ ಕಂಡಕ್ಟರ್ ಎದುರಿಗೆ ಬಂದು ನಿಂತ.

“ಅಮ್ಮಾರ, ಇನ್ನಾದ್ರೂ ಇಳೀರಿ. ಚಿಂತಾಕಿ ಬಂತು.”

“ಔರಾದ ಬಂದಾಗ ಯಾಕ ಹೇಳಲಿಲ್ಲಪಾ?”

“ಮೂರು ಸಲ ಒದರೀನ್ರಿ. ‘ಸುಮ್ಮನಿರು, ಬರೀಲತ್ತೀನಿ’ ಅಂತ ನೀವೇ ಗದರಿಸಿದ್ರಿ.”

ಔರಾದಿಗೆ ಮರಳುವಷ್ಟರಲ್ಲಿ ಹುಡುಗಿಯರೆಲ್ಲ ಮನೆಗೆ ಹೋಗಿದ್ದರು. ನನ್ನ ಬುದ್ಧಿ ಓಡುವುದು ಬೆಳಗಿನ ಹತ್ತರ ಸುಮಾರಿಗೆ ಎಂದು ಕಂಡುಕೊಳ್ಳಲು ನಾನು ತೆತ್ತ ಬೆಲೆ ಒಂದು ಶಾಲು. ನನಗೆಂದು ತಂದದ್ದನ್ನು ಗಣಿತದ ಮಾಸ್ತರರಿಗೆ ಹೊದಿಸಿ ಸಭೆ ಮುಗಿಸಿದ್ದರು.