ಕ್ರಿಸ್‌ಮಸ್‌ಗೆ ಅಣ್ಣನ ಹೊಸ ಸಂಪ್ರದಾಯ

ಗೆಳೆಯರೇ, ನಮ್ಮ ಮನೆಯಲ್ಲಿ ಈ ಕ್ರಿಸ್‌ಮಸ್‌ನಿಂದ ಹೊಸ ಸಂಪ್ರದಾಯ: ಎಲ್ಲರೂ ಸೇರಿ ಬಡವರಿಗೆ ಹಳೆ ಬಟ್ಟೆ ಹಂಚುವುದು. ಯೋಜನೆ ಅಣ್ಣನದು. ಇವತ್ತು ಅವನೇ ಮನೆಯೆಲ್ಲ ಹುಡುಕಿ ಗಂಟು ಕಟ್ಟಿದ. ಜಮಖಂಡಿ ಬಸ್‌ಸ್ಟ್ಯಾಂಡಿನ ಬಡವರಿಗೆ ಹಂಚಲು ಹೋಗುವುದಕ್ಕೆ ಆಟೊ ಬಂದು ನಿಂತಿತು. ಅಷ್ಟರಲ್ಲಿ ಅವ್ವ ಗಂಟಿನಿಂದ ತನ್ನ ಬನಹಟ್ಟಿ ಸೀರೆಯನ್ನು ಹೊರಗೆಳೆದಳು.

“ಇದನ್ಯಾಕ ಹಾಕೀಯೋ? ಹಬ್ಬಕ್ಕ ಚರ್ಚಿಗೆ ಉಟ್ಕೊಂಡು ಹೋಗಾಕ ಇಟ್ಟೀನಿ.”

“ಎಷ್ಟು ಹಳೇದೈತಿ ನೋಡಬೇ!” ಎಂದ ಅಣ್ಣ.

“ನಿನ್ನ ಮದಿವ್ಯಾಗ ನೀನ ಕೊಡಿಸಿದ್ದಲ್ಲೋ. ಆಮ್ಯಾಲೆ ಎಲ್ಲಿ ಕೊಡಿಸಿದಿ?”

ನಾನು ಸುಮ್ಮನಿರಲಿಲ್ಲ. “ಅಣ್ಣಾ, ಬಡವರು ಮನ್ಯಾಗ ಸಿಕ್ಕರು. ಆಟೊ ವಾಪಸ್ ಕಳಸು.”

“ಸಾಲಿ ಕಲಿಯೂದು ಬಿಟ್ಟಾಂವ ನೀ. ಸಂಪ್ರದಾಯ ಅಂದ್ರ ನಿನಗೇನು ತಿಳೀತೈತಿ?” ಎಂದು ರೇಗಿದ.

ತಿಳಿಯಿತಲ್ಲ! ಅವ್ವ ಹಳೆ ಸೀರೆ ಉಡುವುದು ನಮ್ಮ ಮನೆಯ ಹಳೆ ಸಂಪ್ರದಾಯ. ಅದನ್ನೂ ಕಿತ್ತುಕೊಂಡು ದಾನ ಮಾಡುವುದು ಹೊಸದು.