ಐವತ್ತು ಕೆಜಿಯ ಮೇಲಿನ ನೀರು

ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ನಂಜನಗೂಡಿನಿಂದ ಬಸ್ಸು ಹಿಡಿದು ನರಸೀಪುರಕ್ಕೆ ಡಯಾಲಿಸಿಸ್‌ಗೆ ಹೋಗುತ್ತಿದ್ದೆ. ನನ್ನ ಸರದಿ ಸಿಕ್ಕಿದ್ದು ಅಲ್ಲಿ. ಜೊತೆಗೆ ಹೆಂಡತಿ ಬರುತ್ತಿದ್ದಳು. ಮೈಯಲ್ಲಿ ನಿಂತ ನೀರನ್ನೆಲ್ಲ ತೆಗೆದ ಮೇಲೆ ನನ್ನ ತೂಕ ಐವತ್ತು ಕೆಜಿ ಇರಬೇಕೆಂದು ಡಾಕ್ಟರು ಬರೆದಿದ್ದರು. ಮುಂದಿನ ಸರದಿಯ ಹೊತ್ತಿಗೆ ಅದರ ಮೇಲೆ ನಾಲ್ಕು ಪರ್ಸೆಂಟು, ಅಂದರೆ ಎರಡು ಕೆಜಿ ಏರಬಹುದು, ಅಷ್ಟೇ.

ಶುರುವಿನಲ್ಲಿ ಒಂದು ದಿನ ತಡೆಯಲಾರದೆ ನಾನು ಪಾಠ ಮಾಡುವ ಶಾಲೆಯ ನಲ್ಲಿಗೆ ಬಾಯಿ ಕೊಟ್ಟು ಹೊಟ್ಟೆ ತುಂಬ ನೀರು ಕುಡಿದಿದ್ದೆ. ಮರುದಿನ ಉಸಿರು ಸಿಗದೆ ಒದ್ದಾಡಿದೆ. ಅಂದಿನಿಂದ ಹೆಂಡತಿಗೆ ನನ್ನ ಮೇಲೆ ನಂಬಿಕೆ ಹೋಯಿತು. ತೂಕದ ಮೆಷಿನ್ ತಂದಳು. ನೀರನ್ನು ಲೋಟದಲ್ಲಿ ಅಳೆದು ಕೊಟ್ಟು ಅಡುಗೆಮನೆಗೆ ಬೀಗ ಹಾಕಿದಳು. ಬಚ್ಚಲಿಗೆ ಹೋದರೆ ಬಾಗಿಲಾಚೆ ನಿಂತು, "ಬಾಯಿ ಮುಕ್ಕಳಿಸಿ ಉಗುದ್ಬುಡಿ ರೀ" ಅನ್ನುತ್ತಿದ್ದಳು. ಹೈಸ್ಕೂಲಿನಲ್ಲಿ ನಲವತ್ತು ಮಕ್ಕಳಿಗೆ ಲೆಕ್ಕ ಹೇಳುವ ನಾನು ಮನೆಯಲ್ಲಿ ಕೈದಿಯಾಗಿದ್ದೆ. ಬಸ್ಸಿನ ಕಿಟಕಿಯಲ್ಲಿ ಕಪಿಲೆ ಹೊಳೆಯ ನೀರು ಕಂಡರೆ ಮುಖ ತಿರುಗಿಸುತ್ತಿದ್ದೆ.

ಕೆಲವು ತಿಂಗಳಲ್ಲಿ ವಾಂತಿ ನಿಂತಿತು, ಹಸಿವು ಮರಳಿತು. ಆದರೆ ಪರ್ಸೆಂಟು ಮಾತ್ರ ಏರತೊಡಗಿತು. ನಾಲ್ಕೂವರೆ, ಐದು. ಒಂದು ಮಂಗಳವಾರ ಐವತ್ತಮೂರು ಕೆಜಿ ತೂಗಿದೆ.

"ಮೂರು ಕೆಜಿ ಜಾಸ್ತಿ ಸಾ, ಆರು ಪರ್ಸೆಂಟು" ಎಂದಳು ನರ್ಸ್.

ಹೆಂಡತಿ ನನ್ನನ್ನೇ ದುರುಗುಟ್ಟಿಕೊಂಡು ನೋಡಿದಳು. "ಎಲ್ಲಿ ಕುಡುದ್ರಿ, ನಿಜ ಹೇಳಿ."

"ನೀನು ಕೊಟ್ಟಿದ್ದು ಬಿಟ್ರೆ ಒಂದು ಗುಟುಕೂ ಇಲ್ಲ ಕಣೇ."

"ಹಿಂದೇನೂ ಹಿಂಗೇ ಅಂದಿದ್ರಿ."

ನಿಜ, ಶಾಲೆಯ ನಲ್ಲಿಯಲ್ಲಿ ಕುಡಿದಾಗಲೂ ಮೊದಲು ಹಾಗೇ ಅಂದಿದ್ದೆ. ಕೈಗೆ ಎರಡು ಸೂಜಿ ಚುಚ್ಚಿಸಿಕೊಂಡು ಮಲಗಿದೆ. ಮೂರು ಲೀಟರು ತೆಗೆಯಲು ಮೆಷಿನ್ ಹಾಕಿದರು. ಮೂರನೆಯ ಗಂಟೆಯಲ್ಲಿ ಮೀನಖಂಡ ಸೆಟೆದುಕೊಂಡು ಕಿರುಚಿದೆ. ಕಾಲು ಮಡಿಸಲು ಆಗಲಿಲ್ಲ, ಕೈ ಅಲ್ಲಾಡಿಸುವ ಹಾಗಿರಲಿಲ್ಲ. ಕಣ್ಣು ಕತ್ತಲೆ ಬಂತು. ಬಿಪಿ ಇಳಿದುಬಿಟ್ಟಿತ್ತು.

ಡಾಕ್ಟರು ಬಂದು ನೀರು ತೆಗೆಯುವುದನ್ನು ನಿಲ್ಲಿಸಿದರು. ನನಗೆ ಎಚ್ಚರವಾದ ಮೇಲೆ ಪಾದ ಒತ್ತಿ ನೋಡಿದರು. ಊತ ಇರಲಿಲ್ಲ. "ಊಟ ಹೇಗೆ ಮೇಷ್ಟ್ರೇ?"

"ಮೊದಲು ಅರ್ಧ ಮುದ್ದೆ ಸೇರ್ತಿರಲಿಲ್ಲ ಸಾರ್. ಈಗ ಒಂದೂವರೆ ತಿಂತೀನಿ."

"ಹಾಗಾದ್ರೆ ತಿಂದಿದ್ದು ಮೈಗೆ ಹತ್ತಿದೆ. ನಿಮ್ಮ ತೂಕ ಈಗ ಐವತ್ತಲ್ಲ, ಐವತ್ತೊಂದೂವರೆ ಇರಬಹುದು. ಇದನ್ನ ನಾವು ಮೊದಲೇ ನೋಡಬೇಕಿತ್ತು."

ಅಂದರೆ ಬಂದಾಗ ಮೈಯಲ್ಲಿದ್ದ ನೀರು ಒಂದೂವರೆ ಕೆಜಿ, ಮೂರು ಪರ್ಸೆಂಟೂ ಇಲ್ಲ. ಉಳಿದದ್ದು ಮಾಂಸ. ಇಲ್ಲದ ನೀರನ್ನು ಎಳೆಯಲು ಹೋಗಿದ್ದಕ್ಕೇ ಬಿಪಿ ಇಳಿದದ್ದು. ಯಾವುದರ ಮೇಲೆ ಪರ್ಸೆಂಟು ಎಂದು ಮೊದಲು ನೋಡಿ ಅಂತ ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನು. ನನ್ನ ಮೈಯ ಲೆಕ್ಕದಲ್ಲಿ ಅದನ್ನು ಕೇಳಲು ಹೊಳೆದಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ, "ನೀವು ಎಲ್ಲಿ ಹೊಂಟೋಯ್ತೀರೋ ಅಂತ ಭಯ ಕಣ್ರೀ. ಅದಕ್ಕೇ ಕಾವಲು ಕಾದೆ. ಸ್ಕೂಲಿಗೆ ಹೋದ್ರೂ ಮನಸ್ಸೆಲ್ಲ ನಿಮ್ಮ ಹಿಂದೇನೇ ಇರ್ತಿತ್ತು" ಎಂದಳು.

ಕೋಪ ಮಾಡಿಕೊಳ್ಳಬೇಕೆಂದುಕೊಂಡಿದ್ದೆ, ಆಗಲಿಲ್ಲ. ಅವಳ ಕೈ ಹಿಡಿದು ಕೂತೆ. ಮೂರು ದಿನ ಕಳೆದು ಶುಕ್ರವಾರ ಇಬ್ಬರೂ ಮತ್ತೆ ಅದೇ ಬಸ್ಸು ಹತ್ತಿದೆವು.