ರೈಲಕ್ಕನ ಮೇಜಿಗೆ ಬಂದ ಕುರ್ಚಿ

ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ರೈಲಕ್ಕ ಎಂದೇ. ಬೇರೆಯವರು ಕಾಲರ್ ಒತ್ತುವಷ್ಟರಲ್ಲಿ ಇವಳ ಅಂಗಿ ಮಡಿಕೆಯಾಗಿ ಪಕ್ಕಕ್ಕೆ ಬಿದ್ದಿರುತ್ತಿತ್ತು. ಊಟವೂ ಹಾಗೇ, ನಿಂತಲ್ಲೇ ನಾಲ್ಕು ತುತ್ತು. ಮನೆ ನಡೆಯುತ್ತಿದ್ದುದೇ ಆ ಕೈಗಳಿಂದ. ಅದರ ಜಂಬವೂ ಇತ್ತು, ಇರಬೇಡವೇ ಮತ್ತೆ?

ಒಂದು ಬೆಳಿಗ್ಗೆ ಬಂದು ನೋಡಿದರೆ ಪ್ರತಿ ಮೇಜಿನ ಪಕ್ಕದಲ್ಲೂ ಒಂದೊಂದು ಕುರ್ಚಿ.

"ಇನ್ಮೇಲೆ ಓಟ ಬೇಡ," ಎಂದ ಮೇಲ್ವಿಚಾರಕ. "ಆಗಾಗ ಕೂತ್ಕೊಳ್ಳಿ, ನೀರು ಕುಡೀರಿ. ನಿಧಾನಕ್ಕೆ ಮಾಡಿ."

ರೈಲಕ್ಕನ ಕಿವಿ ನೆಟ್ಟಗಾಯಿತು. ನಿನ್ನೆಯವರೆಗೆ ಬೇಗ ಬೇಗ ಎಂದು ಬಡಕೊಳ್ಳುತ್ತಿದ್ದ ಮಹಾರಾಯ ಇವತ್ತು ಬಾಯಿಗೆ ಜೇನು ಸವರಿಕೊಂಡು ಬಂದಿದ್ದಾನೆ! ಕೂತವರನ್ನು ಗುರುತಿಟ್ಟುಕೊಂಡು ಮನೆಗೆ ಕಳಿಸುವ ಮಸಲತ್ತೇ ಇದು. ಇಲ್ಲದಿದ್ದರೆ ಪುಕ್ಕಟೆ ಕುರ್ಚಿ ಕೊಡಲು ಅವನೇನು ಇವಳ ತವರಿನವನೇ?

ಅವಳು ಕೂರಲಿಲ್ಲ. ಪಕ್ಕದ ಮೇಜಿನಲ್ಲಿದ್ದ ಅವಳ ನಾದಿನಿ ಮಾತ್ರ ತಕ್ಷಣ ಕೂತಳು. ಕೂತು, ಮೇಲ್ವಿಚಾರಕನ ಕಡೆ ನೋಡಿ ತಲೆ ಬೇರೆ ಆಡಿಸಿದಳು. ಅಲ್ಲಿಗೆ ರೈಲಕ್ಕನಿಗೆ ಎಲ್ಲ ಅರ್ಥವಾದಂತಾಯಿತು. ಹಿಂದಿನ ವಾರ ನಾದಿನಿ ಅವನ ಕೋಣೆಯಿಂದ ಹೊರಬರುವುದನ್ನು ಕಣ್ಣಾರೆ ಕಂಡಿದ್ದಳು. ಕೇಳಿದರೆ "ಏನಿಲ್ಲ ಅತ್ತಿಗೆ" ಎಂದು ಜಾರಿಕೊಂಡಿದ್ದಳು. ಮನೆಯಲ್ಲೂ ಈಚೆಗೆ ಕೈನೋವು ಅಂತ ತನ್ನ ಮಗುವನ್ನು ಅತ್ತಿಗೆಯ ಸೊಂಟಕ್ಕೇ ದಾಟಿಸುತ್ತಿದ್ದಳು, ಮೈಗಳ್ಳಿ. ಈಗ ಅತ್ತಿಗೆಯ ಕೆಲಸಕ್ಕೇ ಬತ್ತಿ ಇಟ್ಟಿದ್ದಾಳೆ! ಆ ಸಿಟ್ಟಿಗೆ ರೈಲಕ್ಕ ಇನ್ನೂ ಜೋರಾಗಿ ಇಸ್ತ್ರಿ ಎಳೆದಳು.

ಮಧ್ಯಾಹ್ನ ನಲ್ಲಿಯ ಹತ್ತಿರ ನಾದಿನಿಯನ್ನು ಅಡ್ಡಗಟ್ಟಿದಳು. "ಅವನ ಹತ್ರ ನನ್ನ ಬಗ್ಗೆ ಏನು ಊದಿದೆ?"

ನಾದಿನಿ ತಲೆ ತಗ್ಗಿಸಲಿಲ್ಲ. "ಹೇಳಿದ್ದು ನಿಜ ಅತ್ತಿಗೆ. ನೀವು ಎಷ್ಟು ಮಾಡ್ತೀರೋ ಎಲ್ಲರೂ ಅಷ್ಟೇ ಮಾಡ್ಬೇಕು ಅಂತ ಲಾಂಡ್ರಿಯವರು ಲೆಕ್ಕ ಇಟ್ಟಿದ್ರಲ್ಲ. ನಿಮ್ಮ ಕೈ ಓಡಿದಷ್ಟೂ ನಾವು ಓಡ್ಬೇಕು. ನನ್ನಿಂದ ಆಗಲ್ಲ, ಕೂರೋಕಾದ್ರೂ ಬಿಡಿ, ಇಲ್ಲಾಂದ್ರೆ ಕೆಲಸ ಬಿಡ್ತೀನಿ ಅಂದೆ."

ಅವಳು ತೋಳು ಸರಿಸಿದಳು. ಮಣಿಕಟ್ಟು ಊದಿಕೊಂಡು ಕೆಂಪಗಾಗಿತ್ತು.

ರೈಲಕ್ಕ ಆ ಕೈಯನ್ನು ಹಿಡಿದು ನೋಡಿದಳು. ದಿನವೂ ಒಂದೇ ಮನೆಯಿಂದ ಹೊರಟು ಬರುವವರು, ಈ ಕೈ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯನ್ನು ಮುಚ್ಚಿಕೊಳ್ಳಲು ಗದರಿದಳು. "ನನಗೊಂದು ಮಾತು ಹೇಳೋಕೆ ಏನಾಗಿತ್ತೇ ನಿನಗೆ?"

"ಕೇಳೋಕೆ ನೀವು ಯಾವತ್ತು ನಿಂತಿದ್ರಿ ಅತ್ತಿಗೆ?"

ಊಟವಾದ ಮೇಲೆ ರೈಲಕ್ಕ ಒಂದು ಅಂಗಿ ಮುಗಿಸಿ, ನಾದಿನಿಯ ಅಂಗಿ ಮುಗಿಯುವವರೆಗೆ ಮುಂದಿನದನ್ನು ಮುಟ್ಟಲಿಲ್ಲ. ಬರಿಗೈಯಲ್ಲಿ ನಿಲ್ಲುವುದು ಅವಳಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿದಳು, ಆಮೇಲೆ ಕೂತಳು.